ಮುಂದೆ ಬಕೆಟ್ ಇದ್ದರೆ ಹಿಂದೆ ತೂಕ ಇರಲೇಬೇಕು



ತಿಪ್ಪೆಯ ಗೊಬ್ಬರ ತುಂಬಲು, ಕೆರೆಯ ಹೂಳು ಎತ್ತಲು, ಮನೆ ಕಟ್ಟುವ ಕಡೆ ಮಣ್ಣು ಸರಿಸಲು ಈಗ ಟ್ರ್ಯಾಕ್ಟರಿನ ಮುಂದೆ ಲೋಡರ್ ಕಟ್ಟಿಸುವುದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯವಾಗಿದೆ. ಕೂಲಿಯಾಳು ಸಿಗದ ಕಾಲದಲ್ಲಿ ಅದು ದೊಡ್ಡ ಅನುಕೂಲ. ಆ ಅನುಕೂಲದ ಬಗ್ಗೆ ನನಗೆ ತಕರಾರಿಲ್ಲ. ಲೋಡರ್ ಕೊಳ್ಳುವಾಗ ನಾವೆಲ್ಲ ನೋಡುವುದು ಮುಂಭಾಗವನ್ನು: ಬಕೆಟ್ ಎಷ್ಟು ದೊಡ್ಡದು, ಎಷ್ಟು ಎತ್ತರಕ್ಕೆ ಏಳುತ್ತದೆ, ಹೈಡ್ರಾಲಿಕ್ ಪಂಪು ಹೇಗಿದೆ ಎಂದು. ಟ್ರ್ಯಾಕ್ಟರಿನ ಹಿಂಭಾಗವನ್ನು ಯಾರೂ ನೋಡುವುದಿಲ್ಲ. ಆದರೆ ಆ ಯಂತ್ರ ನೆಟ್ಟಗೆ ನಿಲ್ಲುತ್ತದೆಯೋ ಮಗುಚುತ್ತದೆಯೋ, ಇಳಿಜಾರಿನಲ್ಲಿ ಬ್ರೇಕಿಗೆ ಮಣಿಯುತ್ತದೆಯೋ ಇಲ್ಲವೋ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು ಹಿಂದೆಯೇ. ಹಿಂದೆ ಕಟ್ಟುವ ತೂಕ ಲೋಡರಿಗೆ ಬೇಕಾದರೆ ಹಾಕಿಕೊಳ್ಳುವ ಸಾಮಾನಲ್ಲ. ಅದು ಲೋಡರಿನದೇ ಒಂದು ಅಂಗ. ಆ ತೂಕವಿಲ್ಲದ ಲೋಡರ್ ಅರ್ಧ ಯಂತ್ರ. ಈ ಮಾತನ್ನು ಲೆಕ್ಕದ ಮೂಲಕವೇ ನಿಮ್ಮ ಮುಂದಿಡುತ್ತೇನೆ.

ಟ್ರ್ಯಾಕ್ಟರ್ ಹುಟ್ಟಿದ್ದು ಎಳೆಯುವ ಕೆಲಸಕ್ಕೆ. ನೇಗಿಲು, ಕಲ್ಟಿವೇಟರ್, ಟ್ರೇಲರ್ ಎಲ್ಲವೂ ಹಿಂದೆ ಕಟ್ಟುವಂಥವು. ಎಳೆಯುವಾಗ ಭಾರ ಹಿಂದಕ್ಕೆ ವಾಲಿ ದೊಡ್ಡ ಗಾಲಿಗಳು ನೆಲ ಕಚ್ಚಿ ಹಿಡಿಯಲಿ ಎಂದು ಅದರ ಇಡೀ ರಚನೆ ಮಾಡಿದ್ದಾರೆ. ನಮ್ಮಲ್ಲಿ ಓಡಾಡುವ ಟೂ ವೀಲ್ ಡ್ರೈವ್ ಟ್ರ್ಯಾಕ್ಟರುಗಳಲ್ಲಿ ಒಟ್ಟು ತೂಕದ ನೂರಕ್ಕೆ ಸುಮಾರು 60ರಿಂದ 65 ಭಾಗ ಹಿಂದಿನ ಆಕ್ಸಲ್ ಮೇಲೆ, ಉಳಿದದ್ದು ಮುಂದಿನ ಆಕ್ಸಲ್ ಮೇಲೆ ಕೂತಿರುತ್ತದೆ. ಇಂಥ ಯಂತ್ರದ ಮೂತಿಗೆ ಲೋಡರ್ ಕಟ್ಟಿದರೆ ಅದರ ಲೆಕ್ಕವೇ ತಿರುಗುಮುರುಗಾಗುತ್ತದೆ. ಬಕೆಟ್ಟಿನಲ್ಲಿರುವ ಭಾರ ಮುಂದಿನ ಆಕ್ಸಲಿಗಿಂತ ಮುಂದೆ, ಗಾಳಿಯಲ್ಲಿ ತೂಗುತ್ತಿರುತ್ತದೆ. ಆಗ ಮುಂದಿನ ಆಕ್ಸಲ್ಲೇ ಆನಿಕೆಯಾಗಿ, ಮುಂದಿನ ಭಾರ ಹಿಂದಿನ ಗಾಲಿಗಳನ್ನು ಮೇಲೆತ್ತಲು ನೋಡುತ್ತದೆ. ಬಾವಿಯಿಂದ ನೀರೆತ್ತುವ ಏತದ ಮರಕ್ಕೆ ನಮ್ಮ ಹಿರಿಯರು ಹಿಂದುಗಡೆ ಕಲ್ಲು ಕಟ್ಟುತ್ತಿದ್ದರಲ್ಲ, ಅದೇ ತತ್ತ್ವ ಇಲ್ಲಿಯೂ ಅನ್ವಯಿಸುತ್ತದೆ. ಒಂದು ಕಡೆ ಭಾರ ತೂಗಬೇಕಾದರೆ ಇನ್ನೊಂದು ಕಡೆ ಅದನ್ನು ಸರಿದೂಗಿಸುವ ಭಾರ ಬೇಕು.

ಒಂದು ಉದಾಹರಣೆಯನ್ನು ಲೆಕ್ಕ ಹಾಕಿ ನೋಡೋಣ. 45 ಅಶ್ವಶಕ್ತಿಯ ಆಸುಪಾಸಿನ ಒಂದು ಟ್ರ್ಯಾಕ್ಟರ್ ಎನ್ನಿ. ತೂಕ 2,000 ಕೆ.ಜಿ.; ಮುಂದಿನ ಆಕ್ಸಲ್ ಮೇಲೆ 800, ಹಿಂದೆ 1,200. ಎರಡು ಆಕ್ಸಲ್‌ಗಳ ನಡುವಿನ ದೂರ 2 ಮೀಟರ್. ಇದಕ್ಕೆ 500 ಕೆ.ಜಿ. ತೂಗುವ ಲೋಡರ್ ಕಟ್ಟುತ್ತೇವೆ. ಅದರ ಭಾರ ಮುಂದಿನ ಆಕ್ಸಲಿನಿಂದ ಅರ್ಧ ಮೀಟರ್ ಮುಂದಿದೆ ಎಂದಿಟ್ಟುಕೊಳ್ಳಿ. ಬಕೆಟ್ ಖಾಲಿ ಇರುವಾಗಲೇ ಹಿಂದಿನ ಆಕ್ಸಲ್ 125 ಕೆ.ಜಿ. ಹಗುರಾಗಿ 1,075ಕ್ಕೆ ಇಳಿಯುತ್ತದೆ, ಮುಂದಿನದು 1,425ಕ್ಕೆ ಏರುತ್ತದೆ. ಈಗ ಬಕೆಟ್ಟಿಗೆ 500 ಕೆ.ಜಿ. ಮಣ್ಣು ಬಂತು. ಅದು ಮುಂದಿನ ಆಕ್ಸಲಿನಿಂದ ಒಂದೂವರೆ ಮೀಟರ್ ಮುಂದಿದ್ದರೆ, 500ನ್ನು ಒಂದೂವರೆಯಿಂದ ಗುಣಿಸಿ 2ರಿಂದ ಭಾಗಿಸಿ: 375 ಕೆ.ಜಿ. ಹಿಂದಿನ ಗಾಲಿಗಳಿಂದ ಕಳೆದುಹೋಗುತ್ತದೆ. ಮುಂದಿನ ಆಕ್ಸಲ್ ಮೇಲೆ ಆ 375ರ ಜೊತೆಗೆ ಮಣ್ಣಿನ 500 ಕೂಡ ಬೀಳುತ್ತದೆ. ಕೊನೆಗೆ ಮುಂದೆ 2,300 ಕೆ.ಜಿ., ಹಿಂದೆ ಬರೀ 700 ಕೆ.ಜಿ. ಒಟ್ಟು 3,000 ಕೆ.ಜಿ. ತೂಗುವ ಯಂತ್ರದ ನಾಲ್ಕನೇ ಒಂದು ಭಾಗವೂ ದೊಡ್ಡ ಗಾಲಿಗಳ ಮೇಲಿಲ್ಲ. 800 ಕೆ.ಜಿ. ಹೊರುತ್ತಿದ್ದ ಮುಂದಿನ ಸಣ್ಣ ಗಾಲಿಗಳು ಹೆಚ್ಚುಕಡಿಮೆ ಮೂರು ಪಟ್ಟು ಹೊರುತ್ತಿವೆ. ಬಕೆಟ್ ನೆಲದಿಂದ ಎದೆಮಟ್ಟಕ್ಕೆ ಏರುವಾಗ ತೋಳುಗಳು ಇನ್ನೂ ಮುಂದಕ್ಕೆ ಚಾಚುತ್ತವೆ. ಆಗ ಹಿಂದಿನ ಭಾರ ಇದಕ್ಕಿಂತಲೂ ಕಡಿಮೆಯಾಗುತ್ತದೆ.

‘ಹಿಂದೆ 700 ಕೆ.ಜಿ. ಉಳಿದಿದೆಯಲ್ಲ, ಗಾಲಿ ಎದ್ದಿಲ್ಲವಲ್ಲ, ಮತ್ತೇನು?’ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ನಾವು ಹಾಕಿದ್ದು ಸಮತಟ್ಟಾದ ನೆಲದ ಮೇಲೆ ನಿಂತಿರುವ ಟ್ರ್ಯಾಕ್ಟರಿನ ಲೆಕ್ಕ. ಕೆಲಸ ನಡೆಯುವುದು ಕೆರೆ ಅಂಗಳದ ದಾರಿಯಲ್ಲಿ, ಮಣ್ಣಿನ ಗುಡ್ಡೆಯ ಪಕ್ಕದಲ್ಲಿ, ಏರುತಗ್ಗಿನ ಹೊಲದಲ್ಲಿ. ಅದೇ ಟ್ರ್ಯಾಕ್ಟರ್ ತುಂಬಿದ ಬಕೆಟ್ ಹೊತ್ತು, ಆರು ಅಡಿಗೆ ಒಂದು ಅಡಿ ಇಳಿಯುವ ದಾರಿಯಲ್ಲಿ ಮೂತಿ ಕೆಳಗೆ ಮಾಡಿ ಇಳಿಯುತ್ತಿದೆ ಎನ್ನಿ. ಅದರ ಗುರುತ್ವ ಕೇಂದ್ರ ನೆಲದಿಂದ ಒಂದು ಮೀಟರ್ ಎತ್ತರದಲ್ಲಿದ್ದರೆ, ಇಳಿಜಾರೊಂದರಿಂದಲೇ ಇನ್ನೂ ಸುಮಾರು 250 ಕೆ.ಜಿ. ಮುಂದಕ್ಕೆ ಜಾರುತ್ತದೆ. ಹಿಂದೆ ಉಳಿಯುವುದು 450. ಟೂ ವೀಲ್ ಡ್ರೈವ್ ಟ್ರ್ಯಾಕ್ಟರುಗಳಲ್ಲಿ ಬ್ರೇಕ್ ಹಿಡಿಯುವುದು ಹಿಂದಿನ ಗಾಲಿಗಳಿಗೆ ಮಾತ್ರ ಎಂಬುದನ್ನು ಇಲ್ಲಿ ಮರೆಯಬಾರದು. ಗಟ್ಟಿಯಾದ ಒಣ ಮಣ್ಣಿನಲ್ಲಿ ಗಾಲಿಯ ಹಿಡಿತ ಅದರ ಮೇಲಿನ ಭಾರದ ನೂರಕ್ಕೆ 60ರಷ್ಟು ಎಂದು ಉದಾರವಾಗಿಯೇ ಹಿಡಿಯೋಣ. 450 ಕೆ.ಜಿ.ಗೆ ಸಿಗುವ ಹಿಡಿತ 270. ಆ ಇಳಿಜಾರು 3,000 ಕೆ.ಜಿ.ಯ ಯಂತ್ರವನ್ನು ಕೆಳಕ್ಕೆ ಎಳೆಯುವ ಬಲ ಸುಮಾರು 490. ಅಂದರೆ ಚಾಲಕ ಎಷ್ಟೇ ಜೋರಾಗಿ ಬ್ರೇಕ್ ಒತ್ತಿದರೂ ಹಿಂದಿನ ಗಾಲಿಗಳು ಬಿಗಿದುಕೊಂಡು ಜಾರುತ್ತವೆ, ಟ್ರ್ಯಾಕ್ಟರ್ ನಿಲ್ಲುವುದಿಲ್ಲ. ಬ್ರೇಕ್ ಕೆಟ್ಟಿತ್ತು ಎಂದು ಆಮೇಲೆ ಜನ ಹೇಳುತ್ತಾರೆ. ಬ್ರೇಕ್ ಸರಿಯಾಗಿಯೇ ಇರುತ್ತದೆ. ಬ್ರೇಕ್ ಹಿಡಿದ ಗಾಲಿಯ ಮೇಲೆ ಭಾರ ಇರುವುದಿಲ್ಲ.

ಇದೇ ಯಂತ್ರದ ಹಿಂದೆ, ತ್ರೀ ಪಾಯಿಂಟ್ ಲಿಂಕೇಜಿಗೆ, ಹಿಂದಿನ ಆಕ್ಸಲಿನಿಂದ ಒಂದು ಮೀಟರ್ ಹಿಂದಕ್ಕೆ 500 ಕೆ.ಜಿ.ಯ ಒಂದು ದಿಂಡು ಕಟ್ಟಿ ಅದೇ ಲೆಕ್ಕ ಹಾಕಿ. ಆ 500 ಪೂರ್ತಿಯಾಗಿ ಹಿಂದಿನ ಗಾಲಿಗಳ ಮೇಲೆ ಬೀಳುವುದಲ್ಲದೆ, ಮುಂದಿನ ಆಕ್ಸಲಿನಿಂದ 250 ಕೆ.ಜಿ.ಯನ್ನು ಕಿತ್ತು ಹಿಂದಕ್ಕೆ ತರುತ್ತದೆ. ಹಿಂದಿನ ಭಾರ 700ರಿಂದ 1,450ಕ್ಕೆ ಏರುತ್ತದೆ, ಮುಂದಿನದು 2,300ರಿಂದ 2,050ಕ್ಕೆ ಇಳಿಯುತ್ತದೆ. ಮತ್ತೆ ಅದೇ ಇಳಿಜಾರಿಗೆ ಬನ್ನಿ. ಒಟ್ಟು ತೂಕ 3,500 ಆಗಿರುವುದರಿಂದ ಕೆಳಕ್ಕೆ ಎಳೆಯುವ ಬಲ 575ರ ಹತ್ತಿರ. ಮುಂದಕ್ಕೆ ಜಾರುವ ಭಾರ ಸುಮಾರು 290 ಕಳೆದರೂ ಹಿಂದೆ 1,160 ಉಳಿಯುತ್ತದೆ. ಅದರ ಹಿಡಿತ 700ರಷ್ಟು. ಹಿಡಿತ ಎಳೆತಕ್ಕಿಂತ ಹೆಚ್ಚಾಯಿತು, ಟ್ರ್ಯಾಕ್ಟರ್ ನಿಲ್ಲುತ್ತದೆ. ಚಾಲಕ ಅವನೇ, ಬ್ರೇಕ್ ಅದೇ, ದಾರಿಯೂ ಅದೇ. ಬದಲಾಗಿದ್ದು ಹಿಂದಿನ ತೂಕವೊಂದೇ.

ಮುಂದಕ್ಕೆ ಮುಗ್ಗರಿಸುವುದಕ್ಕಿಂತ ಹೆಚ್ಚು ಅಪಾಯಕಾರಿಯಾದದ್ದು ಪಕ್ಕಕ್ಕೆ ಮಗುಚುವುದು. ಟ್ರ್ಯಾಕ್ಟರ್ ನಾಲ್ಕು ಗಾಲಿಯ ಮೇಲೆ ನಿಂತಿದೆ ಎಂದು ನಮಗೆ ಕಾಣುತ್ತದೆ. ಆದರೆ ಮುಂದಿನ ಆಕ್ಸಲ್ ನಡುವೆ ಒಂದೇ ಪಿನ್ನಿನ ಮೇಲೆ ಕೂತಿದೆ; ಉಬ್ಬುತಗ್ಗಿಗೆ ತಕ್ಕಂತೆ ಅತ್ತಿತ್ತ ಓಲಾಡಲೆಂದೇ ಅದನ್ನು ಹಾಗೆ ಮಾಡಿರುವುದು. ಹಾಗಾಗಿ ಯಂತ್ರದ ನಿಜವಾದ ಆಧಾರ ಒಂದು ತ್ರಿಕೋನ: ಹಿಂದಿನ ಎರಡು ಗಾಲಿಗಳು ಅದರ ಬುಡ, ಮುಂದಿನ ಪಿನ್ನು ಅದರ ತುದಿ. ಗುರುತ್ವ ಕೇಂದ್ರ ಈ ತ್ರಿಕೋನದ ಒಳಗಿರುವವರೆಗೆ ಟ್ರ್ಯಾಕ್ಟರ್ ನಿಲ್ಲುತ್ತದೆ. ಹಿಂದಿನ ಗಾಲಿಗಳ ನಡುವಿನ ಅಗಲ 1.6 ಮೀಟರ್ ಎಂದುಕೊಂಡರೆ, ಲೋಡರ್ ಇಲ್ಲದ ಟ್ರ್ಯಾಕ್ಟರಿನ ಗುರುತ್ವ ಕೇಂದ್ರ ಇರುವ ಜಾಗದಲ್ಲಿ ತ್ರಿಕೋನದ ಅಗಲ ಸ್ಥೂಲವಾಗಿ 96 ಸೆಂಟಿಮೀಟರ್. ಬಕೆಟ್ ತುಂಬಿ ಹಿಂದೆ ತೂಕವಿಲ್ಲದಿದ್ದಾಗ ಆ ಕೇಂದ್ರ ತ್ರಿಕೋನದ ತುದಿಯತ್ತ ಸರಿದು, ಅಲ್ಲಿಯ ಅಗಲ 37 ಸೆಂಟಿಮೀಟರಿಗೆ ಇಳಿಯುತ್ತದೆ. ಅಂದರೆ ನಡುಗೆರೆಯಿಂದ ಆಚೀಚೆ ಗೇಣುದ್ದದ ಅವಕಾಶವೂ ಇಲ್ಲ. ಅದರ ಜೊತೆ ಬಕೆಟ್ ಎತ್ತಿದಷ್ಟೂ ಕೇಂದ್ರ ಮೇಲಕ್ಕೂ ಹೋಗುತ್ತದೆ. ಎತ್ತಿದ ಬಕೆಟ್ಟಿನೊಂದಿಗೆ ತಿರುಗುವಾಗ ಒಂದು ಹಿಂದಿನ ಗಾಲಿ ಕಲ್ಲು ಹತ್ತಿತೆಂದರೆ, ಇನ್ನೊಂದು ಗುಂಡಿಗೆ ಇಳಿಯಿತೆಂದರೆ, ಚಾಲಕನಿಗೆ ಯೋಚಿಸಲೂ ಪುರಸೊತ್ತಿರುವುದಿಲ್ಲ. ಹಿಂದೆ ಕಟ್ಟಿದ 500 ಕೆ.ಜಿ. ಆ ಕೇಂದ್ರವನ್ನು ಹಿಂದಕ್ಕೆಳೆದು ತ್ರಿಕೋನ 66 ಸೆಂಟಿಮೀಟರ್ ಅಗಲವಿರುವ ಜಾಗಕ್ಕೆ ತರುತ್ತದೆ. ಲೋಡರ್ ಇಲ್ಲದ ಟ್ರ್ಯಾಕ್ಟರಿನಷ್ಟು ಭದ್ರ ಅಲ್ಲದಿದ್ದರೂ, ತೂಕವಿಲ್ಲದ ಸ್ಥಿತಿಗೆ ಹೋಲಿಸಿದರೆ ಹೆಚ್ಚುಕಡಿಮೆ ಎರಡರಷ್ಟು.

‘ಹಿಂದಿನ ಟೈರುಗಳಿಗೆ ನೀರು ತುಂಬಿಸಿದ್ದೇನೆ, ಅದು ಸಾಲದೇ?’ ಎಂದು ಹಲವರು ಕೇಳುತ್ತಾರೆ. ನೀರು ಒಳ್ಳೆಯದೇ. 13.6-28 ಅಳತೆಯ ಟೈರಿಗೆ ಮುಕ್ಕಾಲು ಭಾಗ ತುಂಬಿಸಿದರೆ ಸುಮಾರು 200 ಲೀಟರ್ ಹಿಡಿಯುತ್ತದೆ. ಎರಡಕ್ಕೂ ಸೇರಿ 400 ಕೆ.ಜಿ. ಬಂತು. ಅದರ ಮೇಲೆ ಗಾಲಿಗೆ ಕಬ್ಬಿಣದ ತೂಕ ಹಾಕಿ 500 ಮಾಡಿಕೊಳ್ಳಬಹುದು. ಈ ಭಾರ ನೆಲಕ್ಕೆ ಹತ್ತಿರದಲ್ಲಿರುವುದು ಒಂದು ಲಾಭ. ಆದರೆ ಅದು ಕೂತಿರುವುದು ಹಿಂದಿನ ಆಕ್ಸಲಿನ ನೇರಕ್ಕೆ, ಅದರ ಹಿಂದೆ ಅಲ್ಲ. ಹಾಗಾಗಿ ಮುಂದಿನ ಆಕ್ಸಲಿನಿಂದ ಒಂದು ಕಿಲೋ ಭಾರವನ್ನೂ ಅದು ಇಳಿಸುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಹಿಂದಿನ ಭಾರ 1,200 ಆಗುತ್ತದೆ, ಮುಂದೆ 2,300 ಹಾಗೇ ಉಳಿಯುತ್ತದೆ. ಅದೇ ಇಳಿಜಾರಿನಲ್ಲಿ ಹಿಡಿತ 550ರ ಒಳಗೆ, ಎಳೆತ 575. ಕೂದಲೆಳೆಯಲ್ಲಿ ಸೋಲು. ಒಂದೇ ತೂಕವನ್ನು ಆಕ್ಸಲಿನ ಮೇಲಿಡುವುದಕ್ಕೂ ಅದರ ಹಿಂದಿಡುವುದಕ್ಕೂ ಇಷ್ಟು ಅಂತರವಿದೆ. ಹಾಗೆಯೇ, ಉಳುಮೆಯಲ್ಲಿ ಮೂತಿ ಏಳದಿರಲಿ ಎಂದು ಬಂಪರಿನ ಮೇಲೆ ಹಾಕಿದ ಕಬ್ಬಿಣದ ತೂಕಗಳಿದ್ದರೆ ಲೋಡರ್ ಕಟ್ಟಿದಾಗ ಅವನ್ನು ಕಡ್ಡಾಯವಾಗಿ ತೆಗೆಯಬೇಕು. ಮುಂದಿನ ಟೈರಿಗಂತೂ ನೀರು ತುಂಬಿಸಲೇಬಾರದು.

‘ತೂಕ ಹೆಚ್ಚಿದರೆ ಡೀಸೆಲ್ ಹೆಚ್ಚು ಕುಡಿಯುತ್ತದೆ, ಹೊಲ ಗಟ್ಟಿಯಾಗುತ್ತದೆ’ ಎನ್ನುವುದು ಇನ್ನೊಂದು ಮಾತು. ಬೇಡದ ಕಡೆ ಹೊತ್ತ ತೂಕಕ್ಕೆ ಈ ಮಾತು ಖಂಡಿತ ನಿಜ. ಲೋಡರ್ ಕೆಲಸದಲ್ಲಿ ಮಾತ್ರ ಪರಿಸ್ಥಿತಿ ಬೇರೆ. ಹಿಂದಿನ ಗಾಲಿ ಹಗುರಾದಾಗ ಬಕೆಟ್ಟನ್ನು ಗುಡ್ಡೆಯೊಳಕ್ಕೆ ನುಗ್ಗಿಸಲು ಹೋದರೆ ಗಾಲಿ ನಿಂತಲ್ಲೇ ಸುತ್ತುತ್ತದೆ. ಆಗ ಡೀಸೆಲ್ಲೂ ದಂಡ, ಟೈರೂ ಸವೆತ. ಮಣ್ಣು ಗಟ್ಟಿಯಾಗುವ ಚಿಂತೆ ಇರುವವರು ಮುಂದಿನ ಸಣ್ಣ ಟೈರುಗಳು ಹೊತ್ತ 2,300 ಕೆ.ಜಿ.ಯನ್ನು ಮೊದಲು ನೋಡಬೇಕು. ಕಿರಿದಾದ ಟೈರಿನ ಮೇಲೆ ಅಷ್ಟು ಭಾರ ಬಿದ್ದರೆ ಹೊಲದಲ್ಲಿ ಆಳವಾದ ಗಾಡಿಜಾಡು ಬೀಳುವುದು ಅಲ್ಲಿಯೇ. ಹಿಂದಿನ ದಿಂಡು ಅಲ್ಲಿಂದಲೇ 250 ಕೆ.ಜಿ. ಇಳಿಸುತ್ತದೆ. ಮುಂದಿನ ಸ್ಪಿಂಡಲ್, ಬೇರಿಂಗ್, ಸ್ಟೀರಿಂಗಿನ ಕೀಲುಗಳು ಪದೇ ಪದೇ ಕೆಡುವುದಕ್ಕೂ ಈ ಭಾರವೇ ಕಾರಣ. ಉಳುಮೆಗೆ ಹೋಗುವಾಗ ಲೋಡರಿನ ಜೊತೆಗೆ ದಿಂಡನ್ನೂ ಬಿಚ್ಚಿಡಬೇಕು. ಲೋಡರ್ ಇಲ್ಲದೆ ದಿಂಡು ಮಾತ್ರ ಹಿಂದೆ ಇದ್ದರೆ ಮುಂದಿನ ಆಕ್ಸಲ್ ಮೇಲೆ 550 ಕೆ.ಜಿ. ಮಾತ್ರ ಉಳಿದು, ಏರು ಹತ್ತುವಾಗ ಮೂತಿ ಎದ್ದು ಸ್ಟೀರಿಂಗ್ ಕೈಗೆ ಸಿಗದಂತಾಗುತ್ತದೆ. ಎರಡೂ ಇದ್ದು ಬಕೆಟ್ ಖಾಲಿಯಿದ್ದರೆ ಮುಂದೆ 1,175, ಹಿಂದೆ 1,825 ಕೆ.ಜಿ.; ಅಂದರೆ ಕಾರ್ಖಾನೆಯಿಂದ ಬಂದಾಗ ಇದ್ದ ನಲವತ್ತು-ಅರವತ್ತರ ಹಂಚಿಕೆಗೇ ಯಂತ್ರ ಮರಳುತ್ತದೆ. ಇವೆರಡೂ ಜೋಡಿ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

‘ನಾನು ಬಕೆಟ್ ಪೂರ್ತಿ ತುಂಬುವುದಿಲ್ಲ, ನಿಧಾನ ಓಡಿಸುತ್ತೇನೆ’ ಎನ್ನುವವರ ಎಚ್ಚರಿಕೆಯನ್ನು ನಾನು ಗೌರವಿಸುತ್ತೇನೆ. ಆದರೆ ಬಕೆಟ್ಟಿನಲ್ಲಿ ತೂಕದ ಮುಳ್ಳು ಇರುವುದಿಲ್ಲ. ಅದೇ ಬಕೆಟ್ಟಿಗೆ ಒಣಗಿದ ಕೊಟ್ಟಿಗೆ ಗೊಬ್ಬರ ತುಂಬಿದಾಗ 150 ಕೆ.ಜಿ. ಇದ್ದರೆ, ನೀರು ಕುಡಿದ ಕೆರೆ ಹೂಳು ತುಂಬಿದಾಗ ಅದರ ಮೂರು ಪಟ್ಟು ಆಗಬಹುದು. ಕಣ್ಣಿಗೆ ಎರಡೂ ಒಂದೇ ರಾಶಿ. ಇಳಿಯುತ್ತಿರುವ ಬಕೆಟ್ಟನ್ನು ಲಿವರ್ ಎಳೆದು ತಟ್ಟನೆ ನಿಲ್ಲಿಸಿದರೆ, ಆ ಕ್ಷಣಕ್ಕೆ ಮುಂದಿನ ಆಕ್ಸಲ್ ಮೇಲೆ ಬೀಳುವ ಒತ್ತಡ ನಿಂತ ಭಾರಕ್ಕಿಂತ ಬಹಳ ಹೆಚ್ಚು. ‘ನನ್ನದು ಫೋರ್ ವೀಲ್ ಡ್ರೈವ್’ ಎನ್ನುವವರಿಗೆ ಬ್ರೇಕಿನ ವಿಷಯದಲ್ಲಿ ಅನುಕೂಲವಿದೆ, ಮುಂದಿನ ಗಾಲಿಗಳೂ ಹಿಡಿತಕ್ಕೆ ಬರುತ್ತವೆ. ಆದರೆ ಆ ಟ್ರ್ಯಾಕ್ಟರಿನಲ್ಲೂ ಮುಂದಿನ ಆಕ್ಸಲ್ ಪಿನ್ನಿನ ಮೇಲೆಯೇ ಓಲಾಡುತ್ತದೆ. ಪಕ್ಕಕ್ಕೆ ಮಗುಚುವ ತ್ರಿಕೋನ ಅಲ್ಲಿಯೂ ಇದೆ. ಕೆಲವು ಕಡೆ ಹಿಂದಿನ ಗಾಲಿ ಏಳದಿರಲಿ ಎಂದು ಒಂದಿಬ್ಬರನ್ನು ಹಿಂದೆ ನಿಲ್ಲಿಸುವ ರೂಢಿಯಿದೆ. ಇದನ್ನು ಇಂದೇ ಬಿಡಬೇಕು. ಒಬ್ಬ ಮನುಷ್ಯನ 60-70 ಕೆ.ಜಿ.ಯಿಂದ ಯಂತ್ರಕ್ಕೆ ಸಿಗುವ ಸಹಾಯ ಏನೂ ಅಲ್ಲ. ಕಾಲು ಜಾರಿದರೆ ಅವನು ಬೀಳುವುದು ದೊಡ್ಡ ಗಾಲಿಯ ಕೆಳಗೆ.

ಈ ತೂಕ ಮಾಡಿಕೊಳ್ಳುವುದು ದುಬಾರಿಯೂ ಅಲ್ಲ. ಕಾಂಕ್ರೀಟ್ ಒಂದು ಘನ ಮೀಟರಿಗೆ ಸುಮಾರು 2,400 ಕೆ.ಜಿ. ತೂಗುತ್ತದೆ. ಒಂದು ಮೀಟರ್ ಅಗಲ, ಅರ್ಧ ಮೀಟರ್ ಎತ್ತರ, 40 ಸೆಂಟಿಮೀಟರ್ ದಪ್ಪದ ದಿಂಡು ಎರಕ ಹೊಯ್ದರೆ 480 ಕೆ.ಜಿ. ಆಯಿತು. ಅದಕ್ಕೆ ಒಂದೂವರೆ ಚೀಲ ಸಿಮೆಂಟು ಸಾಕು. ಉಳಿದದ್ದು ಜಲ್ಲಿ, ಮರಳು, ಒಳಗೆ ಕಂಬಿಯ ಬಲೆ. ಗಮನ ಕೊಡಬೇಕಾದದ್ದು ಜೋಡಣೆಗೆ. ಕೆಳಗಿನ ಎರಡು ತೋಳುಗಳಿಗೆ ಸಿಕ್ಕುವ ಪಿನ್ನುಗಳು ದಿಂಡಿನ ಆರ್‌ಪಾರು ಹಾದ ಒಂದೇ ಉಕ್ಕಿನ ಸರಳಿನ ತುದಿಗಳಾಗಿರಬೇಕು. ಎರಕಕ್ಕೆ ಅಂಟಿಸಿದ ತುಂಡುಗಳಾಗಿರಬಾರದು. ದೊಡ್ಡ ಲಿಂಕೇಜಿನ ಪಿನ್ನು 28 ಮಿಲಿಮೀಟರ್, ಸಣ್ಣದರದು 22 ಮಿಲಿಮೀಟರ್. ನಿಮ್ಮದು ಯಾವುದೆಂದು ಅಳೆದು ವೆಲ್ಡಿಂಗ್ ಅಂಗಡಿಯವರಿಗೆ ಹೇಳಿ. ಟಾಪ್ ಲಿಂಕ್ ಕಟ್ಟಲು ಮೇಲೊಂದು ಗಟ್ಟಿ ಕೊಂಡಿಯೂ ಬೇಕು. ಸರಪಳಿಯಿಂದ ತೂಗುಹಾಕಿದ ಕಲ್ಲು, ಮರಳು ಚೀಲಗಳ ಮೂಟೆ ಇವು ಬೇಡ. ತೂಗಾಡುವ ಭಾರವೇ ಯಂತ್ರವನ್ನು ಪಕ್ಕಕ್ಕೆ ಎಳೆಯುತ್ತದೆ. ಆದ್ದರಿಂದ ಕೆಳತೋಳುಗಳ ಪಕ್ಕದ ಸರಪಳಿಗಳನ್ನು ಬಿಗಿ ಮಾಡಿ, ದಿಂಡು ನೆಲದಿಂದ ಒಂದಡಿಯಷ್ಟೇ ಮೇಲಿರುವಂತೆ ಹಿಡಿಯಬೇಕು. ಮನೆಯಲ್ಲಿರುವ ರೋಟವೇಟರನ್ನೇ ಹಿಂದೆ ಕಟ್ಟಿಕೊಂಡರೂ ಕೆಲಸ ನಡೆಯುತ್ತದೆ, ಪಿ.ಟಿ.ಓ. ಬಿಟ್ಟಿರಬೇಕು, ತಿರುಗುವಾಗ ಅದರ ಅಗಲ ನೆನಪಿರಬೇಕು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಹಿಂದೆ ತೂಕ ಕಟ್ಟಿದ್ದೇವೆ, ಇನ್ನು ಬಕೆಟ್ಟಿಗೆ ಎಷ್ಟಾದರೂ ತುಂಬಬಹುದು ಎಂಬ ಲೆಕ್ಕ ತಪ್ಪು. ನಮ್ಮ ಉದಾಹರಣೆಯಲ್ಲಿ ದಿಂಡು ಕಟ್ಟಿದ ಮೇಲೂ ಮುಂದಿನ ಆಕ್ಸಲ್ ಮೇಲೆ 2,050 ಕೆ.ಜಿ. ಇದೆ. ಸಾಮಾನ್ಯ 6.00-16 ಅಳತೆಯ ಮುಂದಿನ ಟೈರುಗಳಿಗೆ ಅದು ಮಿತಿ ಮೀರಿದ ಭಾರ. ಲೋಡರಿಗೆಂದು 7.50-16ರಂಥ ಅಗಲದ ಟೈರು ಹಾಕಿಸುವುದು ಇದಕ್ಕಾಗಿಯೇ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಭಾರದ ಮಿತಿ, ಕೈಪಿಡಿಯಲ್ಲಿ ಆಕ್ಸಲಿಗೆ ಕೊಟ್ಟ ಮಿತಿ, ಇವುಗಳಲ್ಲಿ ಯಾವುದು ಕಡಿಮೆಯೋ, ಮುಂದಿನ ಆಕ್ಸಲಿನ ಮೇಲಿನ ಭಾರ ಅದನ್ನು ಮೀರದಷ್ಟೇ ಬಕೆಟ್ಟಿಗೆ ತುಂಬಬೇಕು. ನಾನು ಕೊಟ್ಟ ಅಂಕಿಗಳು ತಿಳಿವಳಿಕೆಗೆ. ನಿಮ್ಮ ಟ್ರ್ಯಾಕ್ಟರಿನ ಅಂಕಿಗಳು ಅದರ ಕೈಪಿಡಿಯಲ್ಲಿವೆ. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಕೃಷಿ ಯಂತ್ರ ಪರೀಕ್ಷಾ ಸಂಸ್ಥೆಯ ಪರೀಕ್ಷಾ ವರದಿಗಳಲ್ಲೂ ಟ್ರ್ಯಾಕ್ಟರಿನ ಮುಂದಿನ ಹಿಂದಿನ ತೂಕ, ಆಕ್ಸಲ್‌ಗಳ ನಡುವಿನ ದೂರ ದಾಖಲಾಗಿರುತ್ತವೆ. ಓಡಿಸುವ ಕ್ರಮವೂ ಅಷ್ಟೇ ಮುಖ್ಯ. ಸಾಗುವಾಗ ಬಕೆಟ್ ನೆಲಕ್ಕೆ ಹತ್ತಿರವಿರಲಿ. ಎರಡೂ ಬ್ರೇಕ್ ಪೆಡಲುಗಳನ್ನು ಲಾಕ್ ಮಾಡಿ ಒಂದುಗೂಡಿಸಿ. ತುಂಬಿದ ಬಕೆಟ್ ಸದಾ ಏರಿನ ಕಡೆಗೆ ಇರಲಿ: ಹತ್ತುವಾಗ ಮೂತಿ ಮುಂದಾಗಿ, ಇಳಿಯುವಾಗ ರಿವರ್ಸಿನಲ್ಲಿ. ಮಗುಚಿದಾಗ ಚಾಲಕನನ್ನು ಕಾಯುವ ಕಬ್ಬಿಣದ ಚೌಕಟ್ಟು ಇದ್ದರೆ ಸೀಟ್ ಬೆಲ್ಟ್ ಕಟ್ಟಿಕೊಂಡೇ ಕೂರಬೇಕು. ಸ್ವೀಡನ್ ದೇಶ ಹೊಸ ಟ್ರ್ಯಾಕ್ಟರುಗಳಿಗೆ ಅಂಥ ಚೌಕಟ್ಟನ್ನು 1959ರಷ್ಟು ಹಿಂದೆಯೇ ಕಡ್ಡಾಯ ಮಾಡಿತು. ಅದರಿಂದ ಅಲ್ಲಿ ಎಷ್ಟೋ ಜೀವಗಳು ಉಳಿದವು. ಚೌಕಟ್ಟು ಮಗುಚಿದ ಮೇಲೆ ಕಾಯುತ್ತದೆ. ಹಿಂದಿನ ತೂಕ ಮಗುಚದಂತೆಯೇ ಕಾಯುತ್ತದೆ.

ಕೊನೆಯದಾಗಿ ಹೊಣೆಯ ಮಾತು. ನಮ್ಮಲ್ಲಿ ಟ್ರ್ಯಾಕ್ಟರಿನ ಮಾಲೀಕ ಒಬ್ಬ, ಓಡಿಸುವವನು ಇನ್ನೊಬ್ಬ, ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಕೆಲಸ ಮಾಡಿಸುವವನು ಮತ್ತೊಬ್ಬ. ತೂಕ ಕಟ್ಟಿಲ್ಲದ್ದರ ಫಲ ಬೀಳುವುದು ಮಾತ್ರ ಸೀಟಿನ ಮೇಲೆ ಕೂತವನ ತಲೆಗೆ. ಅವನು ದಿನಗೂಲಿಯವನು, ದಿಂಡು ಮಾಡಿಸಿ ಎಂದು ಯಜಮಾನನನ್ನು ಕೇಳುವ ಸ್ಥಿತಿಯಲ್ಲಿ ಅವನು ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಕೇಳಬೇಕಾದವರು ಉಳಿದ ನಾವೆಲ್ಲ. ಲೋಡರ್ ಮಾರುವವರು ಬಕೆಟ್ಟಿನ ಜೊತೆಗೇ, ಅದೇ ಬಿಲ್ಲಿನಲ್ಲಿ, ಅದಕ್ಕೆ ತಕ್ಕ ಹಿಂದಿನ ತೂಕವನ್ನೂ ಕೊಡಬೇಕು. ಕೃಷಿ ಯಂತ್ರಧಾರೆಯಂಥ ಬಾಡಿಗೆ ಕೇಂದ್ರಗಳು ತೂಕ ಕಟ್ಟದೆ ಲೋಡರನ್ನು ಅಂಗಳದಿಂದ ಹೊರಗೆ ಬಿಡಬಾರದು. ಬಾಡಿಗೆಗೆ ಕರೆಸುವ ರೈತರು ಗಂಟೆಗೆ ಎಷ್ಟು ಎಂದು ಕೇಳುವ ಮೊದಲು, ಹಿಂದೆ ಏನು ಕಟ್ಟಿದ್ದೀರಿ ಎಂದು ಕೇಳಬೇಕು. ಒಂದೂವರೆ ಚೀಲ ಸಿಮೆಂಟಿನಲ್ಲಿ ಮುಗಿಯುವ ಈ ಕೆಲಸವನ್ನು ಮುಂದೂಡಲು ನಮ್ಮಲ್ಲಿ ಯಾರಿಗೂ ಸಕಾರಣವಿಲ್ಲ. ಈ ಬೇಸಿಗೆಯಲ್ಲಿ ಹೂಳು ಎತ್ತುವ ಕೆಲಸಕ್ಕೆ ಇಳಿಯುವ ಮೊದಲೇ ನಿಮ್ಮ ಲೋಡರಿಗೆ ಹಿಂದಿನ ತೂಕ ಮಾಡಿಸಿ.